ಹಿತ್ತಲ ಮನೆಯ ಬಾಗಿಲು

ಬೆಳಕು ಹರಿಯುವುದಕ್ಕೆ ಮುಂಚೆ ಅವಳು ಮುಗಿಸುವ ಕೆಲಸಗಳು ಇಷ್ಟು. ನಲ್ಲಿಯಲ್ಲಿ ನೀರು ಬಂದ ಸದ್ದಿಗೆ ಎದ್ದು ಡ್ರಮ್ಮು ತುಂಬಿಸುವುದು. ಅತ್ತೆಯನ್ನು ಬಚ್ಚಲಿಗೆ ನಡೆಸಿಕೊಂಡು ಹೋಗಿ, ಮತ್ತೆ ತಂದು ಕೂರಿಸಿ, ಮಂಡಿಗೆ ಎಣ್ಣೆ ತಿಕ್ಕುವುದು. ರಾತ್ರಿ ನೆನೆಹಾಕಿದ ಬಟ್ಟೆ ಒಗೆದು, ಹಿಂಡಿ, ಕೊಡವಿ, ಹಿತ್ತಲಿನ ತಂತಿಗೆ ಹಾಕುವುದು. ಹಾಲು ಉಕ್ಕದಂತೆ ಒಂದು ಕಣ್ಣು ಅಲ್ಲಿಟ್ಟು ತರಕಾರಿ ಹೆಚ್ಚುವುದು. ಗಂಡನ ಡಬ್ಬಿ, ತನ್ನ ಡಬ್ಬಿ, ಮುಚ್ಚಿಟ್ಟ ತಟ್ಟೆಯಲ್ಲಿ ಅತ್ತೆಯ ಮಧ್ಯಾಹ್ನದ ಊಟ, ಅದರ ಪಕ್ಕದ ಬಟ್ಟಲಲ್ಲಿ ಮಾತ್ರೆ. ಗಂಡ ಎದ್ದ ಮೇಲೆ ಹುಡುಕಾಡುವ ಸಾಮಾನುಗಳನ್ನು, ಎಂದರೆ ಟೆಸ್ಟರು, ಕನ್ನಡಕ, ಗಾಡಿಯ ಕೀಲಿ, ಅವನ ಕಣ್ಣಿಗೆ ಬೀಳುವ ಕಡೆ ಇಡುವುದು. ಎಲ್ಲದರ ಕೊನೆಗೆ, ಈಚೆಗೆ ಸೇರಿಕೊಂಡ ಇನ್ನೊಂದು: ಪೈಪು ಹಿಡಿದು ಹಿತ್ತಲಿನ ಹೊಸ ಗೋಡೆಗಳಿಗೆ ನೀರು ಹೊಡೆಯುವುದು.

ಗೋಡೆ ಗಟ್ಟಿಯಾಗಬೇಕಾದರೆ ಬೆಳಿಗ್ಗೆ ಸಂಜೆ ನೀರು ಕುಡಿಯಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ ಎಂದು ಮೇಸ್ತ್ರಿ ಹೇಳಿದ್ದ. ಹೇಳುವಾಗ ಅವನು ನೋಡಿದ್ದು ಅವಳ ಗಂಡನ ಮುಖವನ್ನು. 'ಆಯ್ತು, ನೋಡ್ಕೊಳ್ಳೋಣ' ಎಂದು ಗಂಡ ತಲೆಯಾಡಿಸಿದ್ದ. ಅಷ್ಟು ಹೇಳಿದರೆ ಕೆಲಸ ತಾನಾಗಿ ಆಗುತ್ತದೆ ಎಂಬುದು ಅವನ ಜೀವಮಾನದ ಅನುಭವ. ಮಾರನೆಯ ಬೆಳಿಗ್ಗೆಯಿಂದ ಅವಳು ಪೈಪು ಹಿಡಿದಳು. ಈಗ ಯಾರಾದರೂ ಬಂದರೆ ಅವನು ಗೋಡೆ ತಟ್ಟಿ ತೋರಿಸುತ್ತಾನೆ. ಮೇಸ್ತ್ರಿ ಕಟ್ಟಿದ, ನಾನು ವೈರು ಎಳೆದೆ, ನೋಡಿ ಒಂದು ಬಿರುಕಿಲ್ಲ ಎನ್ನುತ್ತಾನೆ.

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಶೀಟಕ್ಕ ಎನ್ನುತ್ತಾರೆ. ಅಲ್ಲಿನ ಬಟ್ಟೆ ಕೋಣೆಯಲ್ಲಿ ಒಗೆದು ಒಣಗಿ ಬಂದ ಬೆಡ್‌ಶೀಟುಗಳನ್ನು ಮಡಿಸಿ, ಹರಿದವನ್ನು ಬೇರೆ ಇಟ್ಟು, ವಾರ್ಡುವಾರು ಕಟ್ಟು ಕಟ್ಟಿ ಕಳಿಸುವುದು ಅವಳ ಕೆಲಸ. ಹೊಸ ಡಾಕ್ಟರೊಬ್ಬರು ಹೆಸರು ಗೊತ್ತಿಲ್ಲದೆ 'ಶೀಟು ಕೊಡೋ ಅಕ್ಕ' ಎಂದು ಕೂಗಿದ್ದು ಬಾಯಿಂದ ಬಾಯಿಗೆ ಸವೆದು ಅಷ್ಟಕ್ಕೆ ನಿಂತಿತು. ದೊಡ್ಡ ಶೀಟನ್ನು ಒಬ್ಬರೇ ಮಡಿಸಲು ಬರುವುದಿಲ್ಲ. ಎದುರುಬದುರು ನಿಂತು, ಎರಡೆರಡು ಮೂಲೆ ಹಿಡಿದು, ಜಗ್ಗಿ, ಕೊಡವಿ, ನಡೆದು ಹತ್ತಿರ ಬಂದು ಮೂಲೆಗೆ ಮೂಲೆ ಒಪ್ಪಿಸಿ, ಮತ್ತೆ ಹಿಂದಕ್ಕೆ ಸರಿಯಬೇಕು. ಹಾಗೆ ಅವಳೆದುರು ವರ್ಷಗಟ್ಟಲೆ ಬಂದು ಹೋಗುತ್ತಿರುವವಳನ್ನು ಅವಳು ಜೋಡಿ ಎಂದೇ ಕರೆಯುತ್ತಾಳೆ. ಜೋಡಿಗೆ ಬಾಯಿ ಜಾಸ್ತಿ, ಬಂಧು ಬಳಗ ಕಡಿಮೆ. ಯಾರದೋ ಹಿತ್ತಲಿನ ಪುಟ್ಟ ಮನೆಯಲ್ಲಿ ಒಬ್ಬಳೇ ಬಾಡಿಗೆಗಿದ್ದಾಳೆ.

ಹಿತ್ತಲಿನ ಮನೆಗಳು ಈಗ ಊರೆಲ್ಲ ಇವೆ. ಶೀಟಕ್ಕನ ಬೀದಿಯನ್ನು ಮುಂದಿನಿಂದ ನೋಡಿದರೆ ಏನೂ ಬದಲಾಗಿಲ್ಲ. ಅದೇ ತುಕ್ಕು ಹಿಡಿದ ಗೇಟುಗಳು, ಅದೇ ಮೆಟ್ಟಿಲಿನ ಮೇಲೆ ಅದೇ ಮುದುಕರು. ಬದಲಾದದ್ದೆಲ್ಲ ಬೆನ್ನ ಕಡೆ. ಮನೆಗಳ ಹಿಂದೆ ಹಾದುಹೋಗುವ ಓಣಿ ಮೊದಲು ಕಸದ ಗಾಡಿಗೂ ಬೆಕ್ಕುಗಳಿಗೂ ಮನೆಯವರ ಕಣ್ಣು ತಪ್ಪಿಸಿ ಸಿಗರೇಟು ಸೇದುವ ಗಂಡಸರಿಗೂ ಮೀಸಲಾಗಿತ್ತು. ಊರಲ್ಲಿ ಬಾಡಿಗೆಗೆ ಮನೆ ಸಿಗದಂತಾದಾಗ ಒಬ್ಬರು ಗಾಡಿ ನಿಲ್ಲಿಸುವ ಶೆಡ್ಡಿಗೆ ಕಿಟಕಿ ಕೊರೆದರು. ಇನ್ನೊಬ್ಬರು ಹಳೆಯ ಸಾಮಾನಿನ ಕೋಣೆ ಕೆಡವಿ ಎರಡು ರೂಮು ಎಬ್ಬಿಸಿದರು. ನೋಡನೋಡುತ್ತಿದ್ದಂತೆ ಬೀದಿಗೆ ಬೆನ್ನ ಹಿಂದೆ ಎರಡನೆಯ ಸಾಲು ಹುಟ್ಟಿಕೊಂಡಿತು. ಹೆಚ್ಚಿನ ಮನೆಗಳ ಬಾಗಿಲು ಮುಂದಿನ ಮನೆಯ ಹಿತ್ತಲಿಗೇ ತೆರೆಯುತ್ತದೆ. ಒಂದೆರಡಕ್ಕೆ ಮಾತ್ರ ಓಣಿಯ ಕಡೆ ಬಾಗಿಲಿದೆ. ಅವುಗಳ ಮುಂದೆ ಒಂದು ಪಾಟಿನಲ್ಲಿ ಗಿಡ, ಒಂದು ಜೋಡಿ ಚಪ್ಪಲಿ. ಬಸ್ಸಿಗೆ ಹೋಗುವಾಗ ಅವಳು ಓಣಿಯಲ್ಲೇ ನಡೆಯುತ್ತಾಳೆ. ಆ ಕತ್ತಲಲ್ಲಿ ಹಿಂದಿನ ಸಾಲಿನ ದೀಪಗಳು ಮುಂದಿನ ಸಾಲಿಗಿಂತ ಮೊದಲು ಹೊತ್ತಿಕೊಂಡಿರುತ್ತವೆ. ಮುಂದಿನ ಮನೆಗಳಲ್ಲೂ ಉರಿಯುವ ದೀಪವೆಂದರೆ ಅಡುಗೆಮನೆಯದೊಂದೇ.

ತಮ್ಮ ಹಿತ್ತಲಿನಲ್ಲಿ ಕಟ್ಟುತ್ತಿರುವುದು ಬಾಡಿಗೆಗಲ್ಲ, ಮಗಳಿಗೆ. ಮಗಳು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಾಳೆ, ಅಳಿಯ ಬಸ್ ಓಡಿಸುತ್ತಾನೆ. ಮದುವೆಯಾದಾಗಿನಿಂದ ಇಬ್ಬರೂ ಮನೆ ಹುಡುಕಿ ಚಪ್ಪಲಿ ಸವೆಸಿದ್ದಾರೆ. ಒಂದು ಮನೆ ಚೆನ್ನಾಗಿತ್ತು, ಮೆಟ್ಟಿಲಲ್ಲಿ ಮಂಚ ತಿರುಗಲಿಲ್ಲ. ಇನ್ನೊಂದರ ಯಜಮಾನಿ ಮಗು ಯಾವಾಗ ಎಂದು ಕೇಳಿದಳು, ಮಗು ಅತ್ತರೆ ತನಗೆ ನಿದ್ದೆ ಬರುವುದಿಲ್ಲವಂತೆ. ಮತ್ತೊಂದು ಇವರು ಮೆಟ್ಟಿಲು ಹತ್ತುತ್ತಿರುವಾಗಲೇ ಬೇರೆಯವರ ಪಾಲಾಯಿತು. ಸದ್ಯಕ್ಕೆ ಅಳಿಯನ ಅಕ್ಕನ ಮನೆಯ ನಡುಮನೆಯಲ್ಲಿದ್ದಾರೆ. ಬೆಳಿಗ್ಗೆ ಸುತ್ತಿಟ್ಟ ಹಾಸಿಗೆಯನ್ನು ಆ ಮನೆಯವರೆಲ್ಲ ಟೀವಿ ಆರಿಸುವ ತನಕ ಬಿಚ್ಚುವಂತಿಲ್ಲ. ನಿದ್ದೆ ಬಂದರೂ ನಗುತ್ತ ಕೂತಿರಬೇಕು ಎಂದು ಮಗಳು ಹೇಳಿದ ದಿನ ಶೀಟಕ್ಕನೇ ಗಂಡನ ಹತ್ತಿರ ಹಿತ್ತಲಿನ ಮಾತು ಎತ್ತಿದ್ದು.

ಗಂಡ ಕೂಡಲೇ ಒಪ್ಪಿದ. ಅವನು ಕೆಟ್ಟವನಲ್ಲ, ಇದನ್ನು ಅವಳು ಯಾರೂ ಕೇಳದಿದ್ದರೂ ಹೇಳುತ್ತಿರುತ್ತಾಳೆ. ಅವನು ಎಲೆಕ್ಟ್ರಿಷಿಯನ್, ಊರಿನ ಅರ್ಧ ಕಟ್ಟಡಗಳ ಗೋಡೆಯೊಳಗೆ ಅವನ ವೈರಿದೆ. ಮಗಳ ಮನೆಯ ನಕ್ಷೆಯನ್ನೂ ತಾನೇ ಹಾಕುತ್ತೇನೆಂದು ಕೂತ. ಹಿತ್ತಲಿನ ಕೊನೆಯಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದು ಇದು ಮಲಗುವ ಕೋಣೆ, ಇದು ಅಡುಗೆಮನೆ, ಇದು ಬಚ್ಚಲು ಎಂದು ತೋರಿಸಿದ. ಗೋಡೆ ಏಳುವ ತನಕ ಶೀಟಕ್ಕ ಆ ಸುಣ್ಣದ ಮನೆಯೊಳಗೇ ಬಟ್ಟೆ ಒಣಗಿಸಿದಳು. ಗೆರೆ ತುಳಿಯದಂತೆ, ಬಾಗಿಲಿದೆ ಎಂದು ತೋರಿಸಿದ ಜಾಗದಿಂದಲೇ ಹೋಗಿ ಬರುತ್ತಿದ್ದಳು. ಹಾಗೆ ಹೋಗಿ ಬರುವಾಗಲೇ ಅವಳಿಗೆ ಕಾಲಿನಲ್ಲಿ ಅರಿವಾಯಿತು: ಮಗಳ ಮನೆಯ ಬಾಗಿಲಿನಿಂದ ಹೊರಗೆ ಕಾಲಿಟ್ಟರೆ ಮೂಗಿನ ನೇರಕ್ಕೆ ಸಿಗುವುದು ತನ್ನ ಅಡುಗೆಮನೆಯ ಬಾಗಿಲು. ಆಚೀಚೆ ಬೇರೆ ದಾರಿಯೇ ಇಲ್ಲ.

ಬಾಗಿಲನ್ನು ಓಣಿಯ ಕಡೆ ಇಡೋಣ ಎಂದು ಅವತ್ತು ಊಟ ಬಡಿಸುತ್ತ ಹೇಳಿದಳು.

'ಓಣಿ ಕಡೆಗಾ? ಕಸದ ಗಾಡಿಯವನು ಬೆಳಿಗ್ಗೆ ಬೆಳಿಗ್ಗೆ ಅಳಿಯನ ಮುಖ ನೋಡ್ಲಿ ಅಂತಾನಾ?' ಗಂಡ ನಕ್ಕ.

ಅತ್ತೆಗೆ ಮಂಡಿ ಹೋಗಿದೆ, ನಾಲಿಗೆ ಹೋಗಿಲ್ಲ. ಮೊಮ್ಮಗಳನ್ನು ಹಿತ್ತಲಿಗೆ ಹಾಕುವುದಲ್ಲದೆ ಅಲ್ಲಿಂದಲೂ ಆಚೆ ತಳ್ಳುತ್ತೀಯೇನೇ ಎಂದು ಕೇಳಿದರು. ಮಗಳು ಫೋನಿನಲ್ಲಿ ಹೇಳಿದ್ದು ಮಾತ್ರ ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

'ಅಮ್ಮಾ, ಬಾಗಿಲು ನಿನ್ನ ಅಡುಗೆಮನೆ ಎದುರಿಗೇ ಇದ್ರೆ ನಂಗೆ ಅರ್ಧ ಕೆಲಸ ಕಮ್ಮಿ. ಅದನ್ನೂ ಯಾಕೆ ತಪ್ಪಿಸ್ತೀಯ?'

ಅರ್ಧ ಕೆಲಸ ಕಡಿಮೆಯಾದರೆ ಆ ಅರ್ಧ ಎಲ್ಲಿಗೆ ಹೋಗುತ್ತದೆ? ವಾರ್ಡಿನವರಿಗೂ ಕೊಳೆ ಶೀಟು ಹಾಸಿಗೆಯಿಂದ ಎಳೆದ ಕೂಡಲೇ ಮಾಯವಾಗುತ್ತದೆ. ಅದು ಮಾಯವಾಗಿ ಎಲ್ಲಿಗೆ ಬಂದು ರಾಶಿ ಬೀಳುತ್ತದೆ ಎಂಬುದು ಬಟ್ಟೆ ಕೋಣೆಯವರಿಗೆ ಗೊತ್ತು. ಮಗಳ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ, ಸಿಟ್ಟು ಬಂದಿದ್ದರೆ ಸುಲಭವಾಗುತ್ತಿತ್ತು. ತಾಯಿ ಮಗಳಿಗೆ ಅಷ್ಟು ಮಾಡಬಾರದೇ ಎಂದು ತನ್ನನ್ನೇ ಕೇಳಿಕೊಂಡಳು. ಮಾಡಬಹುದು ಎಂದು ತಾನೇ ಹೇಳಿದಳು. ಆದರೂ ಆವತ್ತಿನಿಂದ ನೆಮ್ಮದಿಯಾಗಿ ಒಂದು ಕಡೆ ಕೂರಲಾಗಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೂ ಎದ್ದು ನಿಲ್ಲುತ್ತಿದ್ದಳು. ಕೈಗೆ ಸಿಕ್ಕಿದ ಟವೆಲು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದಳು.

ಈಗ ಡ್ರಮ್ಮು ಇಟ್ಟಿರುವ ಕೋಣೆಯಿದೆಯಲ್ಲ, ಅವಳು ಮದುವೆಯಾಗಿ ಬಂದಾಗ ಮಲಗಿದ್ದು ಅಲ್ಲಿ. ಆ ಕೋಣೆಗಿದ್ದದ್ದು ಒಂದೇ ಬಾಗಿಲು, ಅದು ತೆರೆಯುತ್ತಿದ್ದದ್ದು ಅಡುಗೆಮನೆಗೆ. ಅತ್ತೆ ಒಲೆಯ ಮುಂದೆ ಇರುತ್ತಿದ್ದರು. ಅವರು ಬೈದದ್ದು ಕಡಿಮೆ. ಬೈಯುವ ಅಗತ್ಯವೇ ಬೀಳುತ್ತಿರಲಿಲ್ಲ. ಹೊಸ್ತಿಲು ದಾಟಿದರೆ ಕೈಗೆ ಏನಾದರೂ ಸಿಗುತ್ತಿತ್ತು, ದಾಟದಿದ್ದರೆ ಸೋಮಾರಿಯಾಗುತ್ತಿದ್ದಳು. ಸುಮ್ಮನೆ ಹೊರಗೆ ಹೋಗಿ ಗಾಳಿಯಲ್ಲಿ ನಿಂತು ಬರಬೇಕೆನಿಸಿದಾಗಲೂ ಒಲೆಯ ಪಕ್ಕದಲ್ಲೇ ಹಾಯಬೇಕು, ಒಲೆಯ ಪಕ್ಕದಲ್ಲಿ ಯಾವ ಸೊಸೆ ತಾನೇ ಬರಿಗೈಯಲ್ಲಿ ಹಾಯುತ್ತಾಳೆ? ಒಮ್ಮೆ ತಲೆನೋವಿಗೆ ಮಾತ್ರೆ ನುಂಗಲು ನೀರಿಗೆಂದು ಬಂದವಳು, ಮಾತ್ರೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮನೆಮಂದಿಗೆಲ್ಲ ಅಡುಗೆ ಮಾಡಿ ಬಡಿಸಿದ್ದಳು. ಸಂಜೆ ಸೀರೆ ಒಗೆಯುವಾಗ ಮಾತ್ರೆ ಕರಗಿ ಹೋಯಿತು.

ಹೊಸ ಮನೆಯ ಗೋಡೆಗಳು ಎದ್ದು, ಮೇಲೆ ಸಿಮೆಂಟ್ ಶೀಟು ಹೊದಿಸಿ, ಬಾಗಿಲಿನ ಜಾಗ ಮಾತ್ರ ಬಾಯಿ ತೆರೆದುಕೊಂಡು ನಿಂತಿತ್ತು. ಗಂಡ ಕೆಲಸ ಮುಗಿಸಿ ಬಂದು ಗೋಡೆ ಕೊರೆಯುತ್ತಿದ್ದ, ಸಿಳ್ಳೆ ಹಾಕುತ್ತಿದ್ದ. ಫ್ರಿಜ್ಜಿಗೆ ಪ್ಲಗ್ಗು, ಮಿಕ್ಸಿಗೆ ಪ್ಲಗ್ಗು, ಹಾಸಿಗೆಯ ಪಕ್ಕ ಫೋನಿಗೊಂದು, ಕನ್ನಡಿಯ ಮೇಲೊಂದು ಪುಟ್ಟ ದೀಪ. ಮಗಳು ಮಲಗಿದಲ್ಲಿಂದಲೇ ಆರಿಸುವ ಹಾಗೆ ಎರಡು ಕಡೆ ಸ್ವಿಚ್ಚು. ಒಂದು ಸಂಜೆ ಅವಳನ್ನು ಅಡುಗೆಮನೆಯಲ್ಲೇ ನಿಲ್ಲು ಎಂದು ಹೇಳಿ ಆಚೆ ಓಡಿದ. ಒಲೆಯ ಮೇಲ್ಗಡೆ, ಅವಳಿಗೆ ಗೊತ್ತಿಲ್ಲದಂತೆ ಕೂರಿಸಿದ್ದ ಬಿಳಿ ಡಬ್ಬಿಯೊಂದು ಟಿಂಗ್ ಟಾಂಗ್ ಎಂದಿತು.

'ಮಗಳಿಗೆ ಏನಾದ್ರೂ ಬೇಕು ಅನ್ನಿಸಿದಾಗ ಅಲ್ಲಿ ಸ್ವಿಚ್ಚು ಒತ್ತಿದ್ರೆ ಸಾಕು, ನಿಂಗೆ ಇಲ್ಲೇ ಕೇಳುತ್ತೆ. ಹೇಗಿದೆ ಐಡಿಯಾ?' ಎಂದು ಏದುಸಿರು ಬಿಡುತ್ತ ಬಂದು ನಿಂತ. ಅವನ ಮುಖದಲ್ಲಿದ್ದ ಸಂತೋಷ ನೋಡಿ ಅವಳು ಅವನಿಗೆ ಕುಡಿಯಲು ನೀರು ಕೊಟ್ಟಳು.

ಇದನ್ನು ಕೇಳಿದ ಅತ್ತೆ ತನಗೊಂದು ಬೇಡವೇ ಎಂದರು. ಅವರ ಹಾಸಿಗೆಯ ಪಕ್ಕವೂ ಒಂದು ಸ್ವಿಚ್ಚು ಬಂತು. ಎರಡೂ ಬೆರೆತು ಹೋಗದಿರಲಿ ಎಂದು ಅವರದಕ್ಕೆ ಹಕ್ಕಿಯ ಸದ್ದು ಹಾಕಿದ. ಮೊದಲೆಲ್ಲ ಅತ್ತೆ ಕೂಗಬೇಕಿತ್ತು. ಕೂಗಲು ಬೇಸರವಾಗಿ ಎಷ್ಟೋ ಸಲ ಸುಮ್ಮನಾಗುತ್ತಿದ್ದರು. ಈಗ ಹಕ್ಕಿ ದಿನವಿಡೀ ಚಿಲಿಪಿಲಿ ಎನ್ನತೊಡಗಿತು.

ನೆಲಕ್ಕೆ ಕಾಂಕ್ರೀಟು ಸುರಿದ ದಿನ ಅವಳು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಎಲ್ಲ ನುಣ್ಣಗೆ ಒರೆಸಿ ಮುಗಿದಿತ್ತು. ಗಂಡ, ಮೇಸ್ತ್ರಿ ಇಬ್ಬರೂ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಅವಳೂ ಇಣುಕಿದಳು. ಬಚ್ಚಲಿನ ಮೂಲೆಯಲ್ಲಿ ಪೈಪಿನ ಬಾಯಿ ಕಂಡಿತು. ಓಣಿಯ ಗೋಡೆಗೆ ಅಂಟಿಕೊಂಡು ಒಂದು ಕಡೆ ಅಡುಗೆಯ ಕಟ್ಟೆ ಕಟ್ಟುವುದೆಂದು ಇಟ್ಟಿದ್ದ ಜಾಗದಲ್ಲಿ ಏನೂ ಕಾಣಲಿಲ್ಲ.

'ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುತ್ತೆ?' ಎಂದು ಕೇಳಿದಳು.

ಮೇಸ್ತ್ರಿ ಗಂಡನನ್ನು ನೋಡಿದ, ಗಂಡ ಮೇಸ್ತ್ರಿಯನ್ನು ನೋಡಿದ. ನಕ್ಷೆಯಲ್ಲಿ ಇರಲಿಲ್ಲ ಯಜಮಾನರೇ ಎಂದು ಮೇಸ್ತ್ರಿ ಕತ್ತು ಕೆರೆದುಕೊಂಡ. ನಕ್ಷೆಯಲ್ಲಿ ಅಡುಗೆಮನೆಗೆ ಮೂರು ಪ್ಲಗ್ಗು ಇದ್ದವು. ಸಿಂಕು ಇರಲಿಲ್ಲ. ಮನೆಯಲ್ಲಿ ಇಷ್ಟು ವರ್ಷ ಉಂಡು ಎದ್ದ ತಟ್ಟೆ ಎಲ್ಲಿಗೆ ಹೋಗುತ್ತದೆ ಎಂಬುದು ಅದನ್ನು ಬರೆದವನ ತಲೆಗೆ ಹೊಳೆದೇ ಇರಲಿಲ್ಲ. ಒಳಗಿನಿಂದ ಕೇಳಿಸಿಕೊಂಡ ಅತ್ತೆ ಹಲ್ಲಿಲ್ಲದ ಬಾಯಿ ತುಂಬ ನಕ್ಕರು.

'ನನ್ನ ಮಗನಿಗೆ ಕರೆಂಟು ಹರಿಯೋದು ಗೊತ್ತು, ನೀರು ಹರಿಯೋದು ಗೊತ್ತಿಲ್ಲ.'

ಗಂಡನಿಗೆ ಮುಖಭಂಗವಾಯಿತು. ಆದರೆ ಕ್ಷಣದಲ್ಲೇ ದಾರಿ ಹುಡುಕಿದ. ಅದಕ್ಕೇನಂತೆ, ಎದುರಿಗೇ ನಿನ್ನ ಸಿಂಕಿದೆ, ಪಾತ್ರೆ ಇಲ್ಲಿಗೇ ತಂದರಾಯಿತು ಎಂದ. ಆ ಮಾತಿಗೆ ಅವಳು ಒಪ್ಪಲಿಲ್ಲ. ಜಗಳವಾಡಲಿಲ್ಲ, ಬಿಡಲೂ ಇಲ್ಲ. ಊಟಕ್ಕೆ ಕೂತಾಗ, ಡಬ್ಬಿ ಕೊಡುವಾಗ, ಅವನು ಶೂಗೆ ಕಾಲು ತೂರಿಸುವಾಗ ಸಿಂಕು, ಸಿಂಕು ಎಂದಳು. ಕೊನೆಗೆ ಅವನೇ ಸೋತು, ಬಾಗಿಲು ನಿಲ್ಲಿಸಲು ಬಂದಾಗ ಮೇಸ್ತ್ರಿ ನೆಲ ಕತ್ತರಿಸಿ ಪೈಪು ಹಾಕಲಿ, ಅದನ್ನು ಹಿತ್ತಲಿನಲ್ಲಿ ಎಳೆದು ತಂದು ನಮ್ಮ ಅಡುಗೆಮನೆಯ ಪೈಪಿಗೇ ಸೇರಿಸಿಬಿಡಲಿ ಎಂದ. ನೀರೂ ಕೂಡ ತನ್ನ ಬಾಗಿಲಿಗೇ ಬಂದು ಸೇರಬೇಕೇ ಎಂದು ಅವಳಿಗನ್ನಿಸಿತು.

ಮಾರನೆಯ ದಿನ ಶೀಟು ಮಡಿಸುತ್ತ ಜೋಡಿಯನ್ನು ಕೇಳಿದಳು, ಹಿತ್ತಲಿನ ಮನೆಯಲ್ಲಿ ಇರುವುದು ಹೇಗಿರುತ್ತದೆ ಎಂದು. ಇಷ್ಟು ವರ್ಷ ಎದುರಿಗೆ ನಿಂತವಳನ್ನು ಅವಳು ಇದನ್ನು ಕೇಳಿದ್ದು ಅದೇ ಮೊದಲು.

ಮನೆಗೇನೂ ಕೊರತೆಯಿಲ್ಲ, ಬಿಸಿಲು ಬರುತ್ತದೆ, ಗಾಳಿ ಬರುತ್ತದೆ, ದಾರಿ ಮಾತ್ರ ಯಜಮಾನಿಯ ಹಿತ್ತಲಿನಲ್ಲಿ ಎಂದು ಜೋಡಿ ಹೇಳಿದಳು. ಹೋಗುವಾಗ ಬರುವಾಗ ಆಕೆ ನಲ್ಲಿಯ ಹತ್ತಿರವೋ ಒಲೆಯ ಹತ್ತಿರವೋ ಇರುತ್ತಾಳೆ. ಸುಮ್ಮನೆ ದಾಟಿ ಹೋಗಲು ನಾಚಿಕೆಯಾಗಿ ಒಂದು ದಿನ ಬಟ್ಟೆ ತೆಗೆದುಕೊಟ್ಟೆ, ಒಂದು ದಿನ ಹಾಲು ನೋಡಿಕೊಂಡೆ, ಈಗ ಅದೇ ರೂಢಿಯಾಗಿದೆ. ಆಕೆಗೂ ಹಾಗೇ. ಏನು ಬೇಯಿಸಿದರೂ ಕಣ್ಣೆದುರು ಹೋಗುವವಳಿಗೆ ಒಂದು ಬಟ್ಟಲು ಕೊಡದಿರಲು ಆಗುವುದಿಲ್ಲ.

'ಮನೆಗೆ ಬಾಡಿಗೆ ಕೊಡ್ತೀನಿ ಅಕ್ಕ, ದಾರಿಗೆ ನಗು ಕೊಡ್ತೀನಿ. ಅವರಿಗೂ ಸಾಕಾಗಿದೆ, ನಂಗೂ ಸಾಕಾಗಿದೆ. ಇಬ್ಬರೂ ನಗ್ತೀವಿ.'

'ಬಾಗಿಲು ಓಣಿ ಕಡೆ ಇದ್ದಿದ್ರೆ?'

ಜೋಡಿ ನಡೆದು ಬರುತ್ತಿದ್ದವಳು ಅರ್ಧದಲ್ಲೇ ನಿಂತಳು. ಇಬ್ಬರ ನಡುವೆ ಶೀಟು ಜೋತುಬಿತ್ತು.

'ಆಗ ನಾನೇ ಆಗಾಗ ಹೋಗಿ ಅವರ ಜೊತೆ ಚಹಾ ಕುಡಿದು ಬರ್ತಿದ್ನೇನೋ. ಒಳ್ಳೆ ಹೆಂಗಸು ಪಾಪ. ಈಗ ಹೋಗೋದೇ ಇಲ್ಲ, ಬರೀ ದಾಟ್ತೀನಿ.'

ಆಮೇಲೆ ಬಂದ ರಜೆಯ ದಿನ ಮಗಳು, ಅಳಿಯ ಇಬ್ಬರೂ ಮನೆ ನೋಡಲು ಬಂದರು. ಮಗಳು ಕೋಣೆಯಿಂದ ಕೋಣೆಗೆ ಓಡಾಡಿ, ಎಲ್ಲ ಸ್ವಿಚ್ಚು ಒತ್ತಿ ನೋಡಿದಳು. ಮಂಚ ಇಲ್ಲಿ, ಕನ್ನಡಿ ಅಲ್ಲಿ ಎಂದು ಗಾಳಿಯಲ್ಲಿ ಕೈಯಾಡಿಸಿದಳು. ಅಷ್ಟು ಖುಷಿಯಾಗಿ ಅವಳನ್ನು ನೋಡಿ ಬಹಳ ದಿನವಾಗಿತ್ತು. ಶೀಟಕ್ಕ ಅಡುಗೆಮನೆಗೆ ಬಂದು ಅಕ್ಕಿ ತೊಳೆಯುತ್ತಿದ್ದಳು. ಟಿಂಗ್ ಟಾಂಗ್.

ಅಕ್ಕಿಯ ಪಾತ್ರೆ ಎಲ್ಲಿಟ್ಟಳೋ ಗೊತ್ತಿಲ್ಲ. ಒಂದು ಕಾಲಿನ ಚಪ್ಪಲಿ ಹಿತ್ತಲಿನ ನಡುವೆ ಕಳಚಿ ಬಿತ್ತು. ಕೈಯಿಂದ ನೀರು ತೊಟ್ಟಿಕ್ಕುತ್ತಿರುವಂತೆಯೇ ಮಗಳ ಬಾಗಿಲಿನಲ್ಲಿ ನಿಂತಿದ್ದಳು.

'ನೋಡ್ದ್ರಾ, ಅಮ್ಮ ಎಷ್ಟು ಬೇಗ ಬಂದ್ಲು' ಎಂದು ಮಗಳು ತನ್ನ ಗಂಡನ ಕಡೆ ತಿರುಗಿ ನಕ್ಕಳು. ಏನಿಲ್ಲಮ್ಮ, ಸುಮ್ಮನೆ ಒತ್ತಿ ನೋಡಿದೆ ಎಂದಳು. ಬಸ್ಸಿಗೂ ಇಂಥ ಬೆಲ್ಲು ಹಾಕಿಸಬೇಕು, ಒತ್ತಿದ ಕೂಡಲೇ ಕಂಡಕ್ಟರು ಓಡಿ ಬರಲಿ ಎಂದು ಅಳಿಯ ತಮಾಷೆ ಮಾಡಿದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಬುದ್ಧಿಗೆ ತಿಳಿಯುವ ಮುಂಚೆ ಕಾಲುಗಳು ಹೊರಟುಬಿಟ್ಟಿದ್ದವು, ಅದು ಅವಳನ್ನು ಹೆದರಿಸಿತು.

ಊಟವಾದ ಮೇಲೆ ಮಗಳು ಅಡುಗೆಮನೆಗೆ ಬಂದು ತೊಳೆದ ಪಾತ್ರೆ ಒರೆಸಲು ನಿಂತಳು. ಹಕ್ಕಿ ಚಿಲಿಪಿಲಿ ಎಂದಿತು. 'ನೀನು ಕೂತ್ಕೋ ಅಮ್ಮ' ಎಂದು ಮಗಳು ಅಜ್ಜಿಯ ಹತ್ತಿರ ಓಡಿದಳು. ದಿಂಬು ಸರಿಮಾಡಿ ಬಂದು ಇನ್ನೊಂದು ಪಾತ್ರೆ ಎತ್ತುವಷ್ಟರಲ್ಲಿ ಅಪ್ಪ ನಡುಮನೆಯಿಂದ ನೀರು ಕೇಳಿದ. ನೀರು ಕೊಟ್ಟು ಬಂದಳು. ಮತ್ತೆ ಹಕ್ಕಿ, ಈ ಸಲ ಅಜ್ಜಿಯ ಕಿಟಕಿ ಮುಚ್ಚಬೇಕಿತ್ತು. ಬಟ್ಟೆ ಹೆಗಲ ಮೇಲೆ ಎಸೆದುಕೊಂಡು ಮಗಳು ಹೊರಟಳು, ಹಕ್ಕಿಯ ಸದ್ದು ನಿಲ್ಲುವ ಮುಂಚೆಯೇ. ಶೀಟಕ್ಕ ಸಿಂಕಿನ ಮುಂದೆ ನಿಂತು ಆ ಕಾಲುಗಳನ್ನು ನೋಡಿದಳು. ಹಿಮ್ಮಡಿ ನೆಲಕ್ಕೆ ತಾಗದ ಹಾಗೆ ಓಡುವ ಓಟ. ಅದನ್ನು ಯಾರೂ ಮಗಳಿಗೆ ಕಲಿಸಿರಲಿಲ್ಲ. ಇಲ್ಲ, ನಾನೇ ಕಲಿಸಿದ್ದೆ, ದಿನವೂ ಓಡಿ ಓಡಿ ಕಲಿಸಿದ್ದೆ ಎಂದುಕೊಂಡಳು.

'ಆ ಮನೆಗೂ ಒಂದು ಬೆಲ್ಲು ಹಾಕಿಬಿಡ್ತೀನಿ' ಎಂದು ಗಂಡ ನಡುಮನೆಯಲ್ಲಿ ಅಳಿಯನಿಗೆ ಹೇಳುತ್ತಿದ್ದ. 'ಇವಳು ಡ್ಯೂಟೀಲಿದ್ದಾಗ ಅಜ್ಜಿ ಒತ್ತಿದ್ರೆ ಅಲ್ಲಿ ಹೊಡಿಯುತ್ತೆ. ಮಗಳು ಇರ್ತಾಳಲ್ಲ.'

ಇಷ್ಟು ದಿನ ಅವಳು ತನ್ನ ಕೈಗಳಿಗೆ ಬೀಳಲಿರುವ ಕೆಲಸ ನೆನೆದು ಚಡಪಡಿಸುತ್ತಿದ್ದಳು, ಹಾಗೆ ಚಡಪಡಿಸುವುದಕ್ಕೆ ನಾಚಿಕೊಳ್ಳುತ್ತಲೂ ಇದ್ದಳು. ಆ ಬಾಗಿಲಿನಲ್ಲಿ ಕೆಲಸ ಎರಡೂ ಕಡೆಗೆ ನಡೆಯುತ್ತದೆ ಎಂಬುದು ಈಗ ಕಾಣಿಸಿತು. ಮಗಳು ಲ್ಯಾಬಿನಿಂದ ಬಂದು ಬ್ಯಾಗು ಇಳಿಸುವ ಮೊದಲೇ ಒಲೆಯ ಪಕ್ಕದಲ್ಲಿ ಹಾಯುತ್ತಾಳೆ. ಸುಮ್ಮನೆ ಹಾಯುವುದಿಲ್ಲ. ಕೆಲವು ತಿಂಗಳಲ್ಲಿ ಅಮ್ಮನನ್ನು ನೋಡಲು ಬರುವುದು ನಿಂತು, ಬರೀ ದಾಟುವುದು ಉಳಿಯುತ್ತದೆ. ಹೊರಡುವಾಗ ಮಗಳನ್ನು ಗೇಟಿನ ಹತ್ತಿರ ತಡೆದು, ಬಾಗಿಲು ಓಣಿಯ ಕಡೆ ಇದ್ದರೆ ನಿನಗೂ ಒಳ್ಳೆಯದಲ್ಲವೇ ಎಂದು ಕೇಳಿದಳು. ಮಗಳ ಮುಖ ಸಪ್ಪಗಾಯಿತು.

'ನಾವು ಬರೋದು ನಿಂಗೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳಮ್ಮ.'

ಅವಳು ಬಸ್ ಸ್ಟಾಪಿನ ತನಕ ಅವರ ಹಿಂದೆಯೇ ನಡೆದಳು. ಬಸ್ಸು ಬಂತು, ಅವರು ಹತ್ತಿ ಹೋದರು.

ಮೇಸ್ತ್ರಿ ಬಂದದ್ದು ಅವಳ ವಾರದ ರಜೆಯ ದಿನ. ಗಂಡ ಹೊಸ ಕಟ್ಟಡವೊಂದರ ವೈರಿಂಗಿಗೆ ಬೇಗನೆ ಹೋಗಿದ್ದ. ಮೇಸ್ತ್ರಿಗೆ ಫೋನಿನಲ್ಲಿ ಎಲ್ಲ ಹೇಳಿದ್ದೇನೆ, ನೀನು ಚಹಾ ಕೊಟ್ಟರೆ ಸಾಕು ಎಂದಿದ್ದ. ಅತ್ತೆ ಮಾತ್ರೆ ನುಂಗಿ ಮಂಪರಿನಲ್ಲಿದ್ದರು. ಬಾಗಿಲಿನ ಚೌಕಟ್ಟು ಹಿತ್ತಲಿನ ಗೋಡೆಗೆ ಒರಗಿತ್ತು. ಅದಕ್ಕೂ ಎಣ್ಣೆ ಹಚ್ಚಿದ್ದು ಅವಳೇ.

ಮೇಸ್ತ್ರಿ ಚಹಾ ಕುಡಿದು, ಲೋಟ ಕೆಳಗಿಟ್ಟು, ಒಳಗೆ ಹೋಗಿ ನೆಲ ತಟ್ಟಿ ನೋಡಿದ. ಪೈಪನ್ನು ಹಿತ್ತಲಿಗೆ ಅಡ್ಡಲಾಗಿ ಅಷ್ಟು ದೂರ ಎಳೆಯಬೇಕೆಂದರೆ ನೆಲವನ್ನೆಲ್ಲ ಸೀಳಬೇಕು ಎಂದು ಗೊಣಗಿದ. ಓಣಿಯ ಚರಂಡಿ ಈ ಗೋಡೆಯ ಆಚೆಗೇ ಇದೆಯಲ್ಲ ಎಂದು ಅವಳು ಕೇಳಿದಳು. ಇದೆ, ಅಲ್ಲಿಗಾದರೆ ಒಂದು ತೂತು ಸಾಕು, ಆದರೆ ಯಜಮಾನರು ಹೇಳಿದ್ದು ಹೀಗೆ ಎಂದ. ಆಮೇಲೆ ಹೊರಗೆ ಬಂದು ಬಾಯಿ ತೆರೆದ ಜಾಗದ ಮುಂದೆ ನಿಂತು, ಕೇಳಬೇಕಲ್ಲ ಎಂದು ಕೇಳಿದ.

'ಹಾಗಾದ್ರೆ ಚೌಕಟ್ಟು ಇಲ್ಲಿ ನಿಲ್ಲಿಸಿಬಿಡ್ಲಾ ಅಮ್ಮ?'

ಅವಳು ಹೊಸ ಮನೆಯ ಒಳಗೆ ಹೋದಳು. ಹಸಿ ಸಿಮೆಂಟಿನ ವಾಸನೆ. ನಿಂತ ಜಾಗದಿಂದ ತನ್ನ ಅಡುಗೆಮನೆ ಕಾಣಿಸಿತು: ಸಿಂಕು, ಒಲೆ, ಒಲೆಯ ಮೇಲೆ ಬಿಳಿ ಡಬ್ಬಿ. ಮಗಳ ಸಪ್ಪಗಾದ ಮುಖ ನೆನಪಾಯಿತು. ಆ ಮುಖ ಎಷ್ಟು ದಿನ ಹಾಗೇ ಇರುತ್ತದೋ ಅವಳಿಗೆ ಗೊತ್ತಿರಲಿಲ್ಲ. ಗಂಡ ಸಂಜೆ ಬಂದು ಕೂಗಾಡುವುದಿಲ್ಲ, ಅವನು ಮಾತು ಬಿಡುತ್ತಾನೆ. ಅವನ ಮೌನವನ್ನೂ ಬಡಿಸಿ, ಎತ್ತಿ, ತೊಳೆದಿಡಬೇಕಾದವಳು ತಾನೇ. ಅತ್ತೆ ಒಂದು ವರ್ಷಕ್ಕಾಗುವಷ್ಟು ಚುಚ್ಚುತ್ತಾರೆ. ಯಾರನ್ನಾದರೂ ಇನ್ನೊಮ್ಮೆ ಕೇಳೋಣವೇ ಎಂದರೆ, ಕೇಳಿದವರೆಲ್ಲ ಆಗಲೇ ಉತ್ತರ ಹೇಳಿಯಾಗಿತ್ತು.

ಒಳಗೆ ಗಂಡನ ಸಾಮಾನಿನ ಡಬ್ಬಿಯಿತ್ತು. ಸ್ವಿಚ್ಚಿನ ಜಾಗ ಗುರುತು ಮಾಡುವ ಅವನ ಕೆಂಪು ಪೆನ್ಸಿಲನ್ನು ತೆಗೆದುಕೊಂಡಳು. ಓಣಿಯ ಕಡೆಯ ಗೋಡೆಯ ಮುಂದೆ, ಅಡುಗೆಯ ಕಟ್ಟೆಗೆ ಬಿಟ್ಟ ಜಾಗದಿಂದ ಈಚೆಗೆ ಬಂದು ನಿಂತು, ಕೈ ಮೇಲಕ್ಕೆ ಚಾಚಿ ಸಿಕ್ಕಷ್ಟು ಎತ್ತರದಿಂದ ನೆಲದ ತನಕ ಒಂದು ಗೆರೆ ಎಳೆದಳು. ಒಂದು ಶೀಟಿನ ಅರ್ಧ ಮಡಿಕೆಯಷ್ಟು ಸರಿದು ಇನ್ನೊಂದು ಎಳೆದಳು. ಅಷ್ಟು ಅಗಲ ಅವಳ ತೋಳುಗಳಿಗೆ ಬಾಯಿಪಾಠ.

'ಇಲ್ಲಿ' ಎಂದಳು. 'ನೀರಿನ ತೂತೂ ಈ ಕಡೆಗೇ.'

ಮೇಸ್ತ್ರಿ ಗೆರೆಗಳನ್ನು ನೋಡಿದ, ಅವಳನ್ನು ನೋಡಿದ. ಬೆರಳಿನ ಗೆಣ್ಣಿನಿಂದ ಗೋಡೆ ಕುಟ್ಟಿದ.

'ಗಟ್ಟಿಯಾಗಿಬಿಟ್ಟಿದೆ ಅಮ್ಮ. ಚೆನ್ನಾಗಿ ನೀರು ಕುಡಿಸಿದೀರಿ.'

'ಗೊತ್ತು.'

'ಮತ್ತೆ ಈ ಕಡೆ ಬಿಟ್ಟಿರೋ ಜಾಗ?'

ಅವಳು ತನ್ನ ಎದೆಯ ಮಟ್ಟಕ್ಕೆ ಕೈ ಇಟ್ಟು ತೋರಿಸಿದಳು. ಇಲ್ಲಿಯ ತನಕ ಇಟ್ಟಿಗೆ, ಮೇಲೆ ಕಿಟಕಿ. ಕಂಬಿ ಎಷ್ಟು ಹತ್ತಿರ ಇಡಲಿ ಎಂದು ಅವನು ಕೇಳಿದ.

'ಪಾತ್ರೆ ತೂರಬಾರದು. ಮುಖ ಕಾಣ್ಬೇಕು.'

ಯಜಮಾನರಿಗೆ ಒಂದು ಫೋನ್ ಮಾಡಿಬಿಡಲೇ ಎಂದು ಮೇಸ್ತ್ರಿ ಜೇಬಿಗೆ ಕೈ ಹಾಕಿದ. ನಾಳೆ ನನ್ನ ತಲೆಗೆ ಬರಬಾರದಲ್ಲ ಎಂದು ಅಳುಕುತ್ತ ನಕ್ಕ.

'ಮಾಡಪ್ಪ. ಮೊದಲು ಒಂದು ಇಟ್ಟಿಗೆ ತೆಗಿ, ಆಮೇಲೆ ಮಾಡು. ನಾನು ಹೇಳಿದೆ ಅಂತಲೇ ಹೇಳು.'

ಅಡುಗೆಮನೆಯಲ್ಲಿ ಹಕ್ಕಿ ಚಿಲಿಪಿಲಿ ಎಂದಿತು. ಹಿಮ್ಮಡಿಗಳು ನೆಲದಿಂದ ಎದ್ದವು. ಅವಳು ಅವನ್ನು ಮತ್ತೆ ನೆಲಕ್ಕೆ ಒತ್ತಿ ನಿಂತಳು. 'ಬಂದೆ ಅತ್ತೆ, ಇದೊಂದು ಮುಗಿಸಿ' ಎಂದು ಕೂಗಿ, ಹಿತ್ತಲಿಗೆ ಹೋಗಿ ಚೌಕಟ್ಟಿನ ಒಂದು ತುದಿಗೆ ಕೈ ಹಾಕಿದಳು. ಮೇಸ್ತ್ರಿ ಇನ್ನೊಂದು ತುದಿ ಹಿಡಿದ. ಎರಡು ಮೂಲೆ ಅವನ ಕೈಯಲ್ಲಿ, ಎರಡು ಅವಳ ಕೈಯಲ್ಲಿ. ಎತ್ತಿ, ಹಿತ್ತಲಿನ ನಡುವೆ ನಿಧಾನವಾಗಿ ತಿರುಗಿಸಿ, ಓಣಿಯ ಕಡೆಗೆ ನಡೆದರು.